ಎರಡು ಸಲ ಒತ್ತಿದರೆ ಕ್ಷೇಮ

ಫೆಬ್ರವರಿ 9, ರಾತ್ರಿ

ಬೆಳಿಗ್ಗೆ ಮೆಟ್ಟಿಲಿಳಿದು ನದಿಯ ಅಳತೆಗಂಬ ನೋಡಿ ಬಂದೆ. ನೀರು ಮೊಣಕಾಲುದ್ದ. ವೈರ್‌ಲೆಸ್ ಹಾಕಿ ಮೈಕಿನ ಗುಂಡಿ ಎರಡು ಸಲ ಒತ್ತಿದೆ. ಎರಡು ಒತ್ತಿದರೆ ನದಿ ಕ್ಷೇಮ. ಬಿಡದೆ ಒತ್ತಿ ಹಿಡಿದರೆ ನೀರು ಏರುತ್ತಿದೆ, ದಡ ಹತ್ತಿ ಅಂತ. ಕಂಬ ನೋಡದೆ ಗುಂಡಿ ಮುಟ್ಟಬೇಡ — ಕೆಲಸಕ್ಕೆ ಸೇರಿದಾಗ ಕಲಿಸಿದ ಮೊದಲ ಪಾಠ.

ಗಡಿಯಾಚೆ, ನದಿ ಹರಿದುಹೋಗುವ ದಿಕ್ಕಿನ ಠಾಣೆಯಿಂದ ಎರಡು ಒತ್ತು ಬಂತು. ಆಮೇಲೆ ಕೆಮ್ಮು. ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ. ನನ್ನ ಪಾಲಿಗೆ ಕೆಮ್ಮಣ್ಣ. ಗಡಿ ಎಳೆದವರು ಮಾತನ್ನು ಸೀಳಲಿಲ್ಲ, ಅಷ್ಟು ಪುಣ್ಯ.

"ಟೀ ಆಯ್ತಾ ತಂಗಿ?"

"ಒಬ್ಬಳಿಗೆ ಏನ್ ಟೀ ಬಿಡಣ್ಣ."

"ಕಾಯ್ಸು, ಕಾಯ್ಸು. ನದೀಲಿ ಇಲ್ದಿದ್ರೂ ಕೆಟಲ್‌ನಲ್ಲಾದ್ರೂ ನೀರಿರ್ಲಿ."

ಇಡೀ ದಿನ ಆಡಿದ ಮಾತು ಇಷ್ಟೇ.

ಮಾರ್ಚ್ 2

ಬೆಟ್ಟದ ಮೇಲೆ ಈ ಸಲವೂ ಹಿಮ ನಿಲ್ಲಲಿಲ್ಲ. ತಲೆಮಾರುಗಳ ಹಳೆಯ ಹಿಮಗಡ್ಡೆಯೂ ಕರಗಿ, ತುದಿಯಲ್ಲಿ ಹೊಸ ಕೆರೆ ನಿಂತಿದೆಯಂತೆ. ಇಲ್ಲಿ ಮಾತ್ರ ಬರೀ ಮರಳು. ಇದ್ದಷ್ಟು ನೀರನ್ನು ನಮ್ಮವರು ಕಾಲುವೆಗೆ ತಿರುಗಿಸಿದರು. ಆಚೆಯವರು ಬಂದು ಕಾಲುವೆಯ ಬಾಗಿಲು ಮುರಿದರು. ಗುಂಡು ಹಾರಿತು. ನಮ್ಮ ಕಾವಲುಗಾರನೊಬ್ಬ ಸತ್ತ. ಟೀ ಕೊಟ್ಟಿದ್ದೆ ಅವನಿಗೆ, ಮೊನ್ನೆ.

ಕೆಮ್ಮಣ್ಣನ ಮಗಳು ಒಣಗಿದ ನದಿಯೊಳಗೇ ಕಲ್ಲಂಗಡಿ ಹಾಕಿದ್ದಾಳೆ. "ನದೀನೇ ಹೊಲ ಆಗೋಯ್ತು ತಂಗಿ. ನಗ್ಬೇಕೋ ಅಳ್ಬೇಕೋ. ದಿನಾ ನಿನ್ ಒತ್ತು ಕೇಳಿದ್ಮೇಲೇ ಅವ್ಳನ್ನ ಇಳಿಸೋದು."

ಮಾರ್ಚ್ 20

ಸೇನೆಯ ಮೀಸೆ ಸಾಹೇಬರು ಸಿಪಾಯಿಗಳ ಜೊತೆ ಬಂದರು. ನೀರಿನ ಮಟ್ಟ ಇನ್ನು ದೇಶದ ಗುಟ್ಟಂತೆ. ಆಚೆಯವರ ಜೊತೆ ಮಾತು ಬಂದ್. ಅಳತೆಗಂಬವನ್ನು ಸಿಪಾಯಿಗಳೇ ನೋಡುತ್ತಾರೆ. ನಾನು ಮೆಟ್ಟಿಲಿಳಿಯುವಂತಿಲ್ಲ, ನದಿ ಕಡೆಯ ಕಿಟಕಿಗೂ ಹಲಗೆ ಬಡಿದರು.

"ಮತ್ತೆ ನಾನೇನ್ ಮಾಡ್ಲಿ ಸಾರ್?"

"ಸೆಟ್ ಹತ್ರ ಕೂತ್ಕೊಂಡು ಅವ್ರೇನ್ ಮಾತಾಡ್ತಾರೆ ಕೇಳಮ್ಮ."

ಒಂದು ಕಂಬ ನೋಡಲು ಇಷ್ಟು ಬಂದೂಕು! ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಮಾರ್ಚ್ 27

ವಾರವಾಯಿತು. ಕೆಟಲ್ ಜೊತೆ ಮಾತಾಡಿದೆ. ಅದು ಶಿಳ್ಳೆ ಹೊಡೆದು ಸುಮ್ಮನಾಯಿತು.

ಇವತ್ತು ತಡೆಯಲಾಗಲಿಲ್ಲ. ಸಿಪಾಯಿಗಳು ಗಡ್ಡ ಹೆರೆಯುತ್ತಿದ್ದಾಗ ಎರಡು ಸಲ ಒತ್ತಿಬಿಟ್ಟೆ. ಮಾತಲ್ಲವಲ್ಲ! ತಕ್ಷಣ ಎರಡು ಬಂತು, ಕಾದು ಕೂತಿದ್ದವರ ಹಾಗೆ. ಅತ್ತುಬಿಟ್ಟೆ.

ಏಪ್ರಿಲ್ 14

ದಿನಾ ಎರಡು. ಅಲ್ಲಿಂದಲೂ ಎರಡು. ಕಂಬ ನೋಡುವಂತಿಲ್ಲ ನಿಜ... ನೋಡುವುದಾದರೂ ಏನಿದೆ, ಕಪ್ಪೆಯ ಕಾಲೂ ನೆನೆಯದ ನದಿ. ಸಿಪಾಯಿಗಳೇ ಅಂದರು.

ಮೇ 3, ಮಧ್ಯಾಹ್ನ

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಬೆಳಿಗ್ಗೆ ಎದ್ದವಳೇ ಒತ್ತಿದೆ. ಎರಡು. ಅಲ್ಲಿಂದ ಎರಡು. ಟೀಗಿಟ್ಟೆ. ಕುದಿಯುವಷ್ಟರಲ್ಲಿ ಹೊರಗೆ ಬೂಟುಗಳ ಓಟ. ಬೆಟ್ಟದ ಮೇಲಿನ ಹೊಸ ಕೆರೆ ಒಡೆದಿತ್ತು. ಬಾಗಿಲು ತೆರೆದರೆ ಅಳತೆಗಂಬವೇ ಇಲ್ಲ, ಕೆಸರು ನೀರು ಮೆಟ್ಟಿಲು ನುಂಗುತ್ತಿತ್ತು.

"ಆಚೆಗೆ ಹೇಳಿದ್ರಾ ಸಾರ್?" ಮೀಸೆ ಸಾಹೇಬರನ್ನು ಕೇಳಿದೆ.

"ಮೇಲಿನವ್ರನ್ನ ಕೇಳಿದೀವಿ. ಆರ್ಡರ್ ಬರ್ಲಿ."

"ನೀರಿಗೆ ಯಾವ ಆರ್ಡರ್ ಸಾರ್?"

ಓಡಿಹೋಗಿ ಮೈಕ್ ಕಿತ್ತುಕೊಂಡೆ. "ಅಣ್ಣಾ, ನೀರು! ದಡ ಹತ್ತಿ, ಎಲ್ರನ್ನೂ ಹತ್ಸಿ!"

ಕೆಮ್ಮು. "ಈಗಷ್ಟೇ ಎರಡು ಒತ್ತಿದ್ಯಲ್ಲ ತಂಗಿ? ಮಗಳು ಕೂಸನ್ನ ಎತ್ಕೊಂಡು ಇಳಿದ್ಲು..."

ಕುರ್ಚಿ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಸಾಹೇಬರು ಮೈಕಿನ ವೈರನ್ನೇ ಕತ್ತರಿಸಿದರು.

ನೋಡದೆ ಒತ್ತಿದೆ. ಒಂಟಿತನ ತಡೆಯಲಾರದೆ, ನೋಡದೆ ಒತ್ತಿದೆ. ನನ್ನ ಕೈ ಸೇದಿಹೋಗಬಾರದೆ.

ಮೇ 5

ಸಿಪಾಯಿಗಳ ರೇಡಿಯೋದಲ್ಲಿ ಆಚೆಯವರ ಸುದ್ದಿ. ಈಚೆಯವರು ಬೇಕೆಂದೇ ನೀರು ನುಗ್ಗಿಸಿದರು, ಕ್ಷೇಮ ಎಂದು ಸುಳ್ಳು ಸಂಕೇತ ಕೊಟ್ಟು ಜನರನ್ನು ಕೊಂದರು ಎನ್ನುತ್ತಾರೆ. ನನ್ನ ಎರಡು ಒತ್ತನ್ನು ರೆಕಾರ್ಡ್ ಮಾಡಿದ್ದಾರೆ. ಟಕ್ ಟಕ್. ಮತ್ತೆ ಮತ್ತೆ ಹಾಕುತ್ತಾರೆ. ನದಿಯ ಎರಡೂ ಕಡೆ ಫಿರಂಗಿಗಳು ಬಂದಿವೆ.

ಮೀಸೆ ಸಾಹೇಬರು ಭುಜ ತಟ್ಟಿದರು. "ಭೇಷ್ ಕಣಮ್ಮ." ನಾನು ಕೂಗಿ ಎಚ್ಚರಿಸಿದ್ದನ್ನೂ ಮರೆತು, ಆ ಎರಡು ಒತ್ತನ್ನು ಯುದ್ಧತಂತ್ರ ಅಂದುಕೊಂಡಿದ್ದಾರೆ! ಮೈಮೇಲೆ ಹುಳು ಹರಿದಂತಾಯಿತು. ತೊಳೆದುಕೊಂಡೆ.

ಮೇ 9, ಬೆಳಿಗ್ಗೆ

ನಾಳೆ ಠಾಣೆ ಖಾಲಿ ಮಾಡಬೇಕಂತೆ. ಸೆಟ್ಟಿಗೆ ಕಿವಿಯಿದೆ, ಬಾಯಿಲ್ಲ. ಆದರೂ ಹಾಕಿ ಕೂತಿದ್ದೇನೆ. ಒತ್ತುವ ಹೊತ್ತಾಯಿತು. ಅಣ್ಣ, ಬೈಯಿರಿ. ಶಾಪ ಹಾಕಿ. ಸಾಕು. ಮಗಳು ಇದ್ದಾಳೆ ಅಂತ—

ಟಕ್.

ಬಂತು! ಒಂದು ಬಂತು. ಅಲ್ಲಿಂದಲೇ. ಇನ್ನೊಂದು ಬರಬೇಕು, ಎರಡಾದರೆ ಕ್ಷೇಮ, ಬರಲಿ ದೇವರೇ, ಇನ್ನೊಂ