ಕಿವಿಗೆ ಕಾಣುವ ಚೆಂಡು

ಟೂ ರಿವರ್ಸ್, ವಿಸ್ಕಾನ್ಸಿನ್
ಅಕ್ಟೋಬರ್ ೧೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಕರ್ಸ್ಟನ್,

ಕಳೆದ ವಾರ ಫೋನಿನಲ್ಲಿ ಗರಗಸದ ಸದ್ದು ಕೇಳಿ ಏನದು ಎಂದೆಯಲ್ಲ, ಅಡುಗೆಮನೆಗೆ ಹೊಸ ಹಲಗೆ ಕೂರಿಸುತ್ತಿದ್ದೇವೆ ಎಂದು ಬಿಟ್ಟೆ. ಹಲಗೆಯಲ್ಲ ಮಗಳೇ. ಗ್ಯಾರೇಜಿನಲ್ಲಿ ನಾನು ಕಟ್ಟುತ್ತಿದ್ದ ಪಿನ್‌ಬಾಲ್ ಯಂತ್ರಕ್ಕೆ ಪಕ್ಕದ ಮನೆಯವನು ಮರ ಕೊಯ್ಯುತ್ತಿದ್ದ. ನಗಬೇಡ, ಮೊದಲಿನಿಂದ ಹೇಳುತ್ತೇನೆ.

ಅಪ್ಪ ಫೋನಿಗೆ ಬರುವುದೇ ಇಲ್ಲ ಎಂದು ನಿನಗೆ ನೋವು. ಸರೋವರದ ದಂಡೆಗೆ ಹೋಗಿದ್ದಾನೆ, ಸ್ನಾನಕ್ಕೆ ಹೋಗಿದ್ದಾನೆ ಎಂದೆಲ್ಲ ನಾನು ಹೇಳುತ್ತಿದ್ದೆ. ನಿಜವೆಂದರೆ ಅವನು ಮಲಗಿರುತ್ತಿದ್ದ. ಏಪ್ರಿಲ್‌ನಲ್ಲಿ ಕಣ್ಣಿನ ಕೊನೆಯ ಬೆಳಕೂ ಹೋದಮೇಲೆ ಅವನಿಗೆ ನಿದ್ದೆಯೇ ಮನೆಯಾಗಿಬಿಟ್ಟಿತು. ಒಂದು ಬೆಳಿಗ್ಗೆ ನಾನು ಹೊದಿಕೆ ಎಳೆದು ರೇಗಿದೆ: "ಏಳು ಡೆಲ್ಬರ್ಟ್, ಕಾಫಿ ಆರಿ ನೀರಾಗ್ತಿದೆ."

"ಸ್ವಲ್ಪ ಇರು ಲೋರ್ನಾ," ಎಂದ, ಕಣ್ಣು ಮುಚ್ಚಿಕೊಂಡೇ. "ಇಲ್ಲಿ ನಂಗೆ ಎಲ್ಲಾ ಕಾಣ್ತಿದೆ."

ಕನಸಿನಲ್ಲಿ ಅವನಿಗೆ ಕಣ್ಣಿತ್ತು. ಬಾಟಲಿ ಗಾಜಿನ ಹಸಿರಿನ ಸರೋವರ, ಮೀನಿನ ಶೆಡ್ಡಿನ ಕೆಂಪು ಸೂರು, ಮದುವೆಗೆ ಮುಂಚೆ ನಾನು ಹಾಕುತ್ತಿದ್ದ ನೀಲಿ ಕೋಟು, ಎಲ್ಲವೂ ಅಲ್ಲಿ ಇದ್ದ ಹಾಗೇ ಇದ್ದವಂತೆ. "ಎಚ್ಚರ ಆದ್ರೆ ಕತ್ಲೆ. ಯಾಕೆ ಏಳ್ಲಿ, ನೀನೇ ಹೇಳು," ಎಂದ. ಊಟ ಮಾಡಿ ಮಲಗುವನು, ಸಂಜೆ ಎದ್ದು ಸೂಪು ಕುಡಿದು ಮತ್ತೆ ಮಲಗುವನು. ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ರೆಪ್ಪೆಯೊಳಗೆ ಕಣ್ಣು ಅತ್ತಿತ್ತ ಓಡಾಡುತ್ತಿತ್ತು, ತುಟಿ ನಗುತ್ತಿತ್ತು. ನಮ್ಮ ಮನೆಗೆ ಅವನು ಊಟಕ್ಕೆ ಮಾತ್ರ ಬಂದುಹೋಗುವ ನೆಂಟನಾಗಿದ್ದ.

ಅವನ ಕೆಲಸವಂತೂ ನಿನಗೆ ಗೊತ್ತು. ವ್ಯಾನು ಹತ್ತಿ ದಂಡೆಯುದ್ದಕ್ಕೂ ಬಾರು, ಬೌಲಿಂಗ್ ಅಂಗಡಿಗಳ ಪಿನ್‌ಬಾಲ್ ಯಂತ್ರ ರಿಪೇರಿ ಮಾಡಿಕೊಂಡು ಆಯುಷ್ಯ ಕಳೆದ. ಗಾಜಿನಡಿಯ ಓರೆ ಹಲಗೆಯ ಮೇಲೆ ಉಕ್ಕಿನ ಚೆಂಡು ಅಲ್ಲಿ ಇಲ್ಲಿ ಬಡಿದು ಗಂಟೆ ಬಾರಿಸುವ ಆ ಗದ್ದಲ ನನಗೆ ಎಂದೂ ಹಿಡಿಸಲಿಲ್ಲ. ಆಗಸ್ಟ್‌ನಲ್ಲಿ ಉಪ್ಪಿನಕಾಯಿ ಜಾಡಿ ಹುಡುಕುತ್ತ ಗ್ಯಾರೇಜಿಗೆ ಹೋದಾಗ ಅವನ ಬಿಡಿಭಾಗಗಳ ಪೆಟ್ಟಿಗೆ ಸಿಕ್ಕಿತು. ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ರೆಕ್ಕೆ, ಅದೇ ಫ್ಲಿಪರ್, ಅದನ್ನು ಬೆರಳಿನಿಂದ ಸುಮ್ಮನೆ ತಳ್ಳಿ ಬಿಟ್ಟೆ. ಟಕ್ ಎಂದಿತು. ಗೋಡೆಯಾಚೆ ಅವನು ಎದ್ದು ಕೂತ ಹಾಗೆ ಮಂಚ ಕಿರುಗುಟ್ಟಿತು.

ಅವನಿಗೊಂದು ಯಂತ್ರ ಕಟ್ಟಲು ಹೊರಡುವುದಕ್ಕೆ ನನಗೆ ಅಷ್ಟು ಸಾಕಾಯಿತು.

ಪಕ್ಕದ ಮನೆಯ ವರ್ಲಿನ್ ಈಗಲೂ ದೋಣಿ ಕಟ್ಟುತ್ತಾನೆ. ಅವನ ಹತ್ತಿರ ಮೇಪಲ್ ಹಲಗೆ ಕೇಳಿದೆ. "ಕುರುಡಂಗೆ ಪಿನ್‌ಬಾಲಾ? ಆಮೇಲೇನು, ಕಿವುಡಂಗೆ ಪಿಯಾನೋನಾ?" ಎಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಹಲಗೆಯನ್ನು ತಾನೇ ಹೊತ್ತು ತಂದ, ಉಳಿಯನ್ನೂ ತಂದ.

ಚೆಂಡು ಬಡಿಯುವ ಒಂದೊಂದು ಗುರಿಗೂ ಒಂದೊಂದು ದನಿ ಇಟ್ಟೆ. ಒಂದಕ್ಕೆ ಪಾತ್ರೆಯ ಮುಚ್ಚಳ, ಒಂದಕ್ಕೆ ಬಿಯರ್ ಬಾಟಲಿಯ ತಳ, ಇನ್ನೊಂದಕ್ಕೆ ಸೈಕಲ್ ಗಂಟೆ. ವೈರು ಜೋಡಿಸಿ ಗುಂಡಿ ಒತ್ತಿದರೆ ಫ್ಲಿಪರ್ ಕಾಯಿಲೆ ಬಿದ್ದ ಹಕ್ಕಿಯ ಹಾಗೆ ಮೆಲ್ಲಗೆ ಎದ್ದಿತು. ಹಿಂದಿನಿಂದ ಯಾರೋ ಗದರಿದರು.

"ಯಾವ ಮುಠ್ಠಾಳ ಕಟ್ಟಿದ್ದು ಇದನ್ನ? ಸ್ಪ್ರಿಂಗು ಉಲ್ಟಾ ಹಾಕಿದಾನೆ."

ಪೈಜಾಮದಲ್ಲೇ, ಗೋಡೆ ಸವರಿಕೊಂಡು ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ನಿನ್ನ ಅಪ್ಪ.

"ಆ ಮುಠ್ಠಾಳ ನಾನೇ," ಎಂದೆ.

"ಹಾಗಾದ್ರೆ ಸ್ಕ್ರೂಡ್ರೈವರ್ ಕೊಡು."

ಎಲ್ಲ ಅಲ್ಲಿಗೇ ಸರಿಹೋಯಿತು ಎಂದುಕೊಳ್ಳಬೇಡ. ಒಂದು ಗುರಿಯಿಂದ ಇನ್ನೊಂದಕ್ಕೆ ಹೋಗುವಾಗ ಚೆಂಡು ನುಣುಪು ಮರದ ಮೇಲೆ ಸದ್ದಿಲ್ಲದೆ ಜಾರುತ್ತಿತ್ತು. ಅವನು ಕಾಯುವನು, ಸುಮ್ಮನೆ ಹೊಡೆಯುವನು, ಅಷ್ಟರಲ್ಲಿ ಚೆಂಡು ಕೆಳಗಿನ ಕುಳಿಗೆ ಬಿದ್ದು ಆಟ ಮುಗಿದಿರುತ್ತಿತ್ತು. ಒಂದು ದಿನ ಗಾಜಿನ ಮೇಲೆ ಮುಷ್ಟಿಯಿಂದ ಗುದ್ದಿದ. "ನನ್ನ ಸಮಾಧಾನಕ್ಕೆ ಆಟಿಕೆ ಮಾಡಿದೀಯ ಅಷ್ಟೆ. ಚೆಂಡು ಎಲ್ಲಿದೆ ಅಂತಾನೇ ತಿಳೀದೆ ಇದ್ರೆ ಅದು ಯಾವ ಸೀಮೆ ಆಟ?" ಎಂದವನು ಹೋಗಿ ಮಲಗಿದ. ನಾನು ಎಬ್ಬಿಸಲಿಲ್ಲ. ಎಬ್ಬಿಸುವ ಧೈರ್ಯ ನನಗೇ ಉಳಿದಿರಲಿಲ್ಲ.

ದಿನವೂ ಗ್ಯಾರೇಜಿನಲ್ಲಿ ಕೂತು, ಕಣ್ಣು ಮುಚ್ಚಿ, ಕೈಯಿಂದಲೇ ಚೆಂಡು ಉರುಳಿಸುತ್ತಿದ್ದೆ. ವರ್ಲಿನ್‌ನ ಉಳಿ ಜಾರಿ ಗೀರಾಗಿದ್ದ ಒಂದು ಕಡೆ ಚೆಂಡು ಗುಂಯ್ ಎಂದಿತು. ಮತ್ತೆ ಉರುಳಿಸಿದೆ. ಮತ್ತೆ ಗುಂಯ್ ಎಂದಿತು! ಏಪ್ರನ್ ಬಿಚ್ಚದೆ ವರ್ಲಿನ್ ಮನೆಗೆ ಓಡಿದೆ. ಎಡಕ್ಕೆಲ್ಲ ಸಣ್ಣ ಗೀರು ಕೊರೆದೆವು, ಬಲಕ್ಕೆ ಅಗಲದ ಗೀರು. ನಡುವೆ ನುಣುಪಾಗಿ ಬಿಟ್ಟೆವು. ಫ್ಲಿಪರ್‌ಗಳ ಮುಂದೆ ತೆಳು ತಗಡಿನ ಪಟ್ಟಿ ಹೊಡೆದೆವು.

ನಿನ್ನ ಅಪ್ಪನನ್ನು ಕರೆಯಲಿಲ್ಲ. ಬಾಗಿಲು ತೆರೆದಿಟ್ಟು ಚೆಂಡು ಬಿಡುತ್ತ ಹೋದೆ. ಎಡಕ್ಕೆ ಬಂದರೆ ಜೇನುಗೂಡಿನ ಗುಂಗು, ಬಲಕ್ಕೆ ಬಂದರೆ ದೂರದ ಸೇತುವೆ ಮೇಲೆ ಲಾರಿ ಹೋದ ಹಾಗೆ. ತಗಡಿಗೆ ಬಂದಾಗ ಬಿಸಿ ಬಾಣಲೆಗೆ ಬೆಣ್ಣೆ ಬಿದ್ದಂತೆ ಸುಂಯ್. ಬಿಸಿಲು ಧೂಳಿನಲ್ಲಿ ತೇಲುತ್ತಿತ್ತು, ಸರೋವರದ ಕಡೆಯಿಂದ ತಣ್ಣನೆ ಗಾಳಿ. ಯಾವಾಗ ಬಂದನೋ, ಪಕ್ಕದಲ್ಲಿ ಅವನ ಉಸಿರು ಕೇಳಿಸಿತು.

"ಇನ್ನೊಂದ್ಸಲ ಬಿಡು," ಎಂದ.

ಬಿಟ್ಟೆ. ತಲೆ ಓರೆ ಮಾಡಿ ನಿಂತ. ಗುಂಗು ಬಂತು, ಸುಂಯ್ ಎಂದಿತು, ಟಕ್! ಚೆಂಡು ಮೇಲೇರಿ ಮುಚ್ಚಳ ಬಡಿಯಿತು, ಸೇತುವೆ ದಾಟಿ ಇಳಿಯಿತು. ಮತ್ತೆ ಟಕ್. ನಾನೂ ಕಣ್ಣು ಮುಚ್ಚಿದೆ ಕರ್ಸ್ಟನ್. ಗ್ಯಾರೇಜು ಎಲ್ಲೋ ಕರಗಿಹೋಯಿತು. ಮಂಜಿನೊಳಗೆ ಒಂದು ಇಡೀ ಊರು ಮೆಲ್ಲಗೆ ಎದ್ದು ದೀಪ ಹಚ್ಚಿಕೊಂಡಂತಾಯಿತು. ಅವನು ಅದರ ಬೀದಿಗಳಲ್ಲಿ ಕೈಬೀಸಿಕೊಂಡು ನಡೆಯುತ್ತಿದ್ದ. ಚೆಂಡು ಕೊನೆಗೆ ಕುಳಿಗೆ ಬಿತ್ತು.

"ಎಡಗಡೆ ಫ್ಲಿಪರ್ ಇನ್ನೂ ಸೋಮಾರಿ," ಎಂದ ಆಮೇಲೆ. "ನಾಳೆ ಬೇಗ ಎಬ್ಬಿಸು."

ಮೊನ್ನೆ ಶುಕ್ರವಾರ ಮೀನಿನ ಊಟ ಮುಗಿಸಿ ವರ್ಲಿನ್ ಆಡಲು ಬಂದ. ಅಪ್ಪನ ನಿಯಮ: ಯಾರೇ ಆಡಲಿ, ಕಣ್ಣಿಗೆ ಅಡುಗೆಮನೆ ಟವೆಲು ಕಟ್ಟಿಕೊಂಡೇ ಆಡಬೇಕು. ವರ್ಲಿನ್ ಸೋತ, ಮತ್ತೆ ಸೋತ. "ಕಣ್ಣಿರೋರ ಕಷ್ಟ ನೋಡೋಕಾಗಲ್ಲ ಮಾರಾಯ," ಎಂದು ನಿನ್ನ ಅಪ್ಪ ಅವನ ಬೆನ್ನು ತಟ್ಟಿದ.

ಕಳೆದ ವಾರ ನೀನು ಮಾತಾಡುವಾಗಲೂ ಅವನು ಪಕ್ಕದಲ್ಲೇ ಇದ್ದ. ಫೋನ್ ಕೈಗಿಟ್ಟರೆ ಬೇಡವೆಂದು ತಲೆಯಾಡಿಸಿಬಿಟ್ಟ. ಇಷ್ಟು ತಿಂಗಳಾದ ಮೇಲೆ ಎಲ್ಲಿಂದ ಶುರು ಮಾಡಲಿ ಎಂಬ ಸಂಕೋಚ. ಆದರೆ ನನ್ನ ಪಕ್ಕ ಕಿವಿಯಿಟ್ಟು, ಮೂಗು ಕಟ್ಟಿದ ನಿನ್ನ ದನಿಯನ್ನು ಪೂರ್ತಿ ಕೇಳಿಸಿಕೊಂಡ. ಮುಂದಿನ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಾ. ಟವೆಲು ಒಗೆದಿಡುತ್ತೇನೆ.

ನಿನ್ನ ದಾರಿ ಕಾಯುವ
ಅಮ್ಮ

ಇನ್ನೊಂದು ಮಾತು: ಬರೆಯಲೋ ಬೇಡವೋ ಎಂದು ಕೈ ತಡೆದಿತ್ತು. ಈ ಬೆಳಿಗ್ಗೆ, ನಿನ್ನೆ ಏನು ಕನಸು ಬಿತ್ತು ಎಂದು ಕೇಳಿದೆ. ಕಾಫಿ ಕಲಕುತ್ತ ಹೇಳಿದ. ಈಗ ಕನಸಿನಲ್ಲೂ ಏನೂ ಕಾಣುವುದಿಲ್ಲವಂತೆ, ಬರೀ ಕೇಳುತ್ತದಂತೆ. ಅಲ್ಲಿದ್ದ ಬೆಳಕನ್ನೂ ನಾನೇ ಆರಿಸಿದೆನೇ? ಆಗ ಅವನೇ ಹೇಳಿದ: "ಕರ್ಸ್ಟನ್ ಬಂದಿದ್ಲು." ಇಷ್ಟು ದಿನ ಅವನ ಕನಸಿಗೆ ಬರುತ್ತಿದ್ದದ್ದು ಮುಂದಿನ ಹಲ್ಲು ಬಿದ್ದ ಪುಟ್ಟ ಕರ್ಸ್ಟನ್. ಅವಳೇನಾ ಎಂದೆ. "ಅಲ್ಲ, ದೊಡ್ಡೋಳು. ಮೆಟ್ಲು ಹತ್ರ ನಿಂತು ಅಪ್ಪಾ ಅಂದ್ಲು. ಪಾಪ, ನೆಗಡಿ ಆಗಿತ್ತು ಅವ್ಳಿಗೆ." ವಾಸಿಯಾಯಿತಾ ಎಂದು ಕೇಳಿ ಬರಿ ಎಂದಿದ್ದಾನೆ. ಆಯಿತಾ?