ಅಕ್ಕನ ಅಳತೆಗಳು ನನ್ನ ಫೋಲ್ಡರಿನಲ್ಲಿ

ಮಾರ್ಚ್ ೧೪, ಶುಕ್ರವಾರ ರಾತ್ರಿ

ಆಹಾ, ಎಂಥ ಪ್ರವೇಶ, ಎಂಥ ಪತನ! ಅಕ್ಕನ ಹೊಲಿಗೆ ಅಂಗಡಿಯ ಅಳತೆಗಳನ್ನಿಡಲೆಂದು ನಾನು ಬರೆದ ಪ್ರೋಗ್ರಾಂ ಇಂದು ಗಿರಾಕಿಗಳೆದುರು ಮಾತು ಮರೆತ ನಟನಂತೆ ನಿಂತುಬಿಟ್ಟಿತು. ಇಷ್ಟು ದಿನ ಅವಳು ಅಂಗಡಿಯ ಕಂಪ್ಯೂಟರಿನಲ್ಲಿ, ನಾನು ದಿನಾ ತೆರೆದುಕೊಡುತ್ತಿದ್ದ ನನ್ನ ಅಕೌಂಟಿನಲ್ಲೇ ಕೆಲಸ ಮಾಡುತ್ತಿದ್ದಳು. ಇಂದು ಅವಳಿಗೇ ಬೇರೆ ಅಕೌಂಟ್ ಮಾಡಿಕೊಟ್ಟೆ. ತೆರೆದರೆ ತೊಂಬತ್ತು ಜನರ ಅಳತೆ ಮಾಯ!

“ನಿನ್ನ ಪ್ರೋಗ್ರಾಮೂ ನಿನ್ನ ಹಾಗೇ ಕಣೋ, ಆರ್ಭಟ ಜಾಸ್ತಿ, ಒಳಗಡೆ ಖಾಲಿ. ನಿನ್ನ ಪಾಸ್‌ವರ್ಡೇ ಕೊಟ್ಬಿಡು. ಇಲ್ಲಾಂದ್ರೆ ನಂಗೆ ಹಳೇ ನೋಟ್‌ಬುಕ್ಕೇ ಸಾಕು.”

“ಬೆಳಿಗ್ಗೆ ತನಕ ತಡಿ ಅಕ್ಕ!” ಎಂದು ಗರ್ಜಿಸಿ ಬಂದೆ.

ಅಳತೆಗಳು ಕಳೆದಿಲ್ಲ, ನನ್ನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಭದ್ರವಾಗಿವೆ. ಆ ವಿಳಾಸವನ್ನು ನನ್ನ ಹೆಸರಿನ ಸಮೇತ ಪ್ರೋಗ್ರಾಮಿನಲ್ಲಿ ಕೆತ್ತಿದವನು ನಾನೇ. ಅಕ್ಕನ ಅಕೌಂಟಿಗೆ ವಿಂಡೋಸ್ ಆ ಬಾಗಿಲು ತೆರೆಯಲಿಲ್ಲ, ಅದು ನ್ಯಾಯವೇ. ಅದನ್ನು ಬಾಯಿಬಿಟ್ಟು ಹೇಳದೆ ಖಾಲಿ ಪಟ್ಟಿ ತೋರಿಸಿದ್ದು ನನ್ನ ಪ್ರೋಗ್ರಾಮಿನ ದ್ರೋಹ.

ಪಾಸ್‌ವರ್ಡ್ ಕೊಟ್ಟರೆ ನಿಮಿಷದ ಕೆಲಸ. ಕೊಡಲಾರೆ! ಅಂಗಡಿ ಅವಳದು, ಟೇಪು ಹಿಡಿದ ಕೈ ಅವಳದು. ಅಳತೆಗಳು ಮಾತ್ರ ನನ್ನ ಹೆಸರಿನಡಿ ಏಕೆ?

ಈಗ ತಿದ್ದಿದ ಪ್ರೋಗ್ರಾಂ ತೆರೆದೊಡನೆ, ಕೂತವರು ಯಾರು, ಅವರ ಫೋಲ್ಡರ್ ಎಲ್ಲಿ ಎಂದು ವಿಂಡೋಸನ್ನೇ ಕೇಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ವಿಶೇಷ ಅಧಿಕಾರವಿಲ್ಲದ ಹೊಸ ಅಕೌಂಟೊಂದನ್ನು ಮಾಡಿ, ಅಂಗಡಿಯಿಂದ ಪೆನ್‌ಡ್ರೈವಿನಲ್ಲಿ ತಂದ ಅಳತೆಗಳ ಫೈಲನ್ನು ಅದರೊಳಗಿಟ್ಟು ಪರೀಕ್ಷಿಸಿದೆ. ಮೂರು ಸಲ ಸೋತೆ. ನಾಲ್ಕನೆಯ ಸಲ ತೊಂಬತ್ತು ಹೆಸರೂ ಸಾಲಾಗಿ ಬಂದವು.

ನಾಳೆ ಅವಳ ಫೋಲ್ಡರಿಗೆ ಫೈಲನ್ನು ಅವಳೇ ಸೇರಿಸಲಿ. ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೈಕಟ್ಟಿ ನಿಂತು, ಬಾಯಿಗೆ ಬೀಗ ಹಾಕಿಕೊಂಡು, ಒಂದೇ ಒಂದು ಮಾತನ್ನೂ ಆಡದೆ… ಆಹಾ, ನನ್ನಿಂದಾದೀತೇ!