ಯುಗಾದಿಗೆ ಹಾರದ ಹೆಜ್ಜಾರ್ಲೆ ಮರಿಗಳು

ಹುಣಸೆ ಫಸಲು ಹರಾಜು ಹಾಕುವ ಕಚೇರಿಯ ದೊಡ್ಡ ಅಧಿಕಾರಿಗಳೇ,

ನಿಮ್ಮ ಕಡತದಲ್ಲಿರುವ ನನ್ನ ಹೇಳಿಕೆಯನ್ನು ಹೊಡೆದುಹಾಕಿ. ಅದನ್ನು ತೋರಿಸಿಯೇ ಮೊನ್ನೆ ನಮ್ಮೂರಲ್ಲಿ ಹೆಜ್ಜಾರ್ಲೆ ಮರಿಗಳನ್ನು ಕೊಂದರು.

೧೯೭೧ರಲ್ಲಿ ನಿಮ್ಮ ಕಚೇರಿಯವರು ಹುತ್ರಿದುರ್ಗದ ಕೆಳಗಿನ ನಮ್ಮೂರಿಗೆ ಬಂದಿದ್ದರು. ಕೊಕ್ಕಿನಡಿ ಚೀಲವಿರುವ ಈ ಹಕ್ಕಿಗಳು ಮರ ಬಿಡುವುದು ಯಾವಾಗ ಎಂದು ಕೇಳಿದರು. ಮರಿ ಹಾರುವವರೆಗೆ ಹಣ್ಣು ಬಡಿಯಲು ಹುಣಸೆಮರಕ್ಕೆ ಗಳ ಹಾಕದಿರುವುದು ನಮ್ಮ ಹಿರಿಯರ ಕಾಲದ ಕಟ್ಟಳೆ. ನಾಲ್ಕನೇ ಕ್ಲಾಸು ಓದಿದವಳೆಂದು ಊರವರು ನನ್ನನ್ನೇ ಮುಂದೆ ತಳ್ಳಿದರು. ಯುಗಾದಿ ಹೊತ್ತಿಗೆ ಹಾರಿಹೋಗುತ್ತವೆ ಎಂದು ಬರೆದು ಸಹಿ ಹಾಕಿದೆ. ಶನಿವಾರ ಒಪ್ಪತ್ತು ಇರುವವಳು ನಾನು, ಸುಳ್ಳು ಹೇಳಿರಲಿಲ್ಲ. ಆಗ ಹಾಗೆಯೇ ಇತ್ತು.

ಈಗ ನಾಲ್ಕು ವರ್ಷದಿಂದ ಕೆರೆ ತುಂಬುವುದೇ ಕಾರ್ತಿಕ ಕಳೆದ ಮೇಲೆ. ಕೆರೆಯಲ್ಲಿ ಮೀನು ಕಾಣದೆ ಇವು ಗೂಡಿಗೆ ಕಡ್ಡಿ ಮುಟ್ಟುವುದಿಲ್ಲ ಎಂದು ನೀರುಗಂಟಿ ಚಿಕ್ಕಬೀರಯ್ಯ ಹೇಳುತ್ತಾನೆ. ಈ ಸಲವಂತೂ ಗೂಡು ಕಟ್ಟಿದ್ದೇ ಸಂಕ್ರಾಂತಿ ದಾಟಿದ ಮೇಲೆ. ಇದನ್ನು ತಿಳಿಸಲು ಎರಡು ಸಲ ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆ. ಇವು ಸಮುದ್ರದ ಕಡೆಯ ಹಕ್ಕಿಗಳು, ನಮ್ಮ ತಾಲ್ಲೂಕಿಗೆ ಸೇರಿದವಲ್ಲ ಎಂದು ನಿಮ್ಮ ಗುಮಾಸ್ತರು ತೀರ್ಪು ಕೊಟ್ಟರು. ಹೌದು ಸ್ವಾಮಿ, ಅವು ವರ್ಗಾವಣೆ ಆದೇಶ ತಂದಿರಲಿಲ್ಲ. ನೀವು ಮಾತ್ರ ಯಾವ ಊರಿಂದ ಬಂದರೂ ನಮ್ಮವರೇ ಅಲ್ಲವೇ?

ಯುಗಾದಿ ಕಳೆದು, ಹೊಸತೊಡಕಿನ ಮಾರನೆಯ ದಿನ ಕೆರೆ ಏರಿಯ ಮರಕ್ಕೆ ಗಳ ಹಿಡಿದವರು ಬಂದರು. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲವೆಂದು ಬೇಡಿಕೊಂಡೆ. ಗುತ್ತಿಗೆ ಹಿಡಿದಿರುವ ದೊಡ್ಡರಂಗಯ್ಯ ಜೇಬಿನಿಂದ ನನ್ನ ಹೇಳಿಕೆಯ ನಕಲು ತೆಗೆದ.

"ನಿನ್ ಸಹಿ ಅಲ್ವೇನಮ್ಮ ಇದು? ಯುಗಾದಿ ಆಗೋಯ್ತು. ಇನ್ನ ನಮ್ಮನ್ಯಾಕೆ ತಡೀತೀಯ?"

"ಅಕ್ಸರ ಕಲ್ತಿದ್ದೇ ತಪ್ಪಾಯ್ತು, ಬುಡಜ್ಜಿ" ಎಂದು ಕೂಲಿಯವನೊಬ್ಬ ನಗಾಡಿದ.

ಗಳದ ಏಟಿಗೆ ಉದುರಿ ಸತ್ತ ಮೂವತ್ತೇಳು ಮರಿಗಳನ್ನು ಮಂಕರಿಯಲ್ಲಿ ಹೊತ್ತು ತಂದು ಮಣ್ಣು ಮಾಡಿದೆ. ತಾಯಿಹಕ್ಕಿಗಳು ಮೂರು ದಿನ ಚೀಲದ ತುಂಬ ಮೀನು ತಂದು ಬರಿಯ ಕೊಂಬೆಯ ಮೇಲೆ ಕಾದವು. ಈ ಪಾಪ ಯಾರದೆಂದು ಗುಡಿಯ ರಂಗನಾಥಸ್ವಾಮಿಯನ್ನು ಕೇಳಿದೆ. ಅವನು ಮಾತಾಡಲಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಹಕ್ಕಿಗಳ ಪರವಾಗಿ ಗಡುವು ಹೇಳಿದ್ದು ನನ್ನ ತಪ್ಪು, ಒಪ್ಪಿದೆ. ಹನ್ನೆರಡು ವರ್ಷ ಒಮ್ಮೆಯೂ ಕತ್ತೆತ್ತಿ ಮರ ನೋಡದಿದ್ದದ್ದು ಯಾರ ತಪ್ಪು?

ಗುಡಿ ಹಿಂದಿನ ಮರದಲ್ಲಿ ಇನ್ನೂ ಹನ್ನೊಂದು ಗೂಡು ಉಳಿದಿವೆ. ಸೋಮವಾರ ಅಲ್ಲಿಗೆ ಬರುತ್ತಾರಂತೆ. ಅಷ್ಟರೊಳಗೆ ತಡೆ ಆದೇಶ ಕಳಿಸಿ. ಇನ್ನು ಮುಂದೆ ವರ್ಷವರ್ಷವೂ ಮರ ನೋಡಿದ ಮೇಲೆಯೇ ಗಳ ಹಾಕುವ ದಿನ ಗೊತ್ತುಮಾಡಿ. ಆದೇಶ ತರುವವರು ನನ್ನ ಮನೆ ಹುಡುಕಬೇಕಾಗಿಲ್ಲ. ಸೋಮವಾರ ಬೆಳಗಾಗುವ ಮುಂಚೆಯೇ ಆ ಮರಕ್ಕೆ ಒರಗಿ ಕೂತಿರುತ್ತೇನೆ. ಗಳ ಬೀಸುವವರು ನನ್ನನ್ನು ದಾಟಿಯೇ ಬೀಸಲಿ.

ಇಂತಿ,
ತಿಳಿದಷ್ಟನ್ನು ಹೇಳಿ ಕೆಟ್ಟ
ಗಂಗಲಕ್ಷ್ಮಮ್ಮ
ಕುಣಿಗಲ್ ತಾಲ್ಲೂಕು, ಏಪ್ರಿಲ್ ೧೯೮೩